ಅಣ್ಣನ ಜೊತೆ ನಾವೂ ಚಿಕಿತ್ಸೆಗೆ ಹೋದೆವು

ನಮ್ಮಣ್ಣ ಈಗ ಕುಡಿಯುವುದಿಲ್ಲ. ಇದನ್ನು ಬರೆಯೋಕೆ ಅವನೂ ಒಪ್ಪಿದ್ದಾನೆ, ಅತ್ತಿಗೆಯೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು.

ಕುಡಿತ ಬಿಡಿಸುವುದು ಅಂದರೆ ಕುಡಿಯುವವನನ್ನು ಎಲ್ಲಿಗೋ ಕರೆದುಕೊಂಡು ಹೋಗಿ ಬಿಡುವುದು, ಸರಿಯಾದ ಮೇಲೆ ವಾಪಸ್ ಕರೆತರುವುದು ಅಂತಲೇ ನಮ್ಮ ಕಡೆ ಜಾಸ್ತಿ ಜನ ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಹಾಗೂ ಮಾಡಿ ನೋಡಿದ್ದಾಯಿತು. ಏನೂ ಪ್ರಯೋಜನ ಆಗಲಿಲ್ಲ. ಅಮ್ಮ, ಅತ್ತಿಗೆ, ಅವರ ಮಗ, ನಾನು, ಎಲ್ಲರೂ ಡಾಕ್ಟರ ಎದುರು ಕೂತು, ಯಾರು ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಅಂತ ಕಲಿತ ಮೇಲೆ ದಾರಿ ಕಾಣಿಸಿತು. ಹಾಗೆ ಕಲಿತದ್ದು ಇನ್ನೊಂದು ಮನೆಗೆ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಅಣ್ಣ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಒಳ್ಳೆ ಕೈಬರಹ. ಕೂಡಿಸಿ ಕಳೆಯೋಕೆ ಕ್ಯಾಲ್ಕುಲೇಟರ್ ಬೇಕಾಗಿಲ್ಲ. ಮೊದಮೊದಲು ವಾರಕ್ಕೊಮ್ಮೆ ಸ್ನೇಹಿತರ ಜೊತೆ ಅಂತ ಇದ್ದದ್ದು, ಆಮೇಲೆ ದಿನಾ ಸಂಜೆ ಆಯಿತು. ಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗೋದು, ಒಂದು ನೈಂಟಿ ಒಳಗೆ ಹೋದ ಮೇಲೆ ನಿಲ್ಲೋದು. ಮಂಡಿಗೆ ಹೋಗುವ ದಾರಿಯಲ್ಲೇ ಟೆಟ್ರಾ ಪ್ಯಾಕೆಟ್ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ. ಇಷ್ಟಾದ ಮೇಲೆ ಅದು ಚಟ ಅಲ್ಲ, ಕಾಯಿಲೆ. ಇದು ನನಗೆ ಗೊತ್ತಾದದ್ದು ಡಾಕ್ಟರ್ ಹೇಳಿದ ಮೇಲೆ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಅವನಿಗೆ ಮನಸ್ಸು ಗಟ್ಟಿ ಇಲ್ಲ.’

ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳುತ್ತಿದ್ದರು. ದೇವರ ಮುಂದೆ ಆಣೆ ಮಾಡಿಸಿ, ತಾಯಿತ ಕಟ್ಟಿಸಿ, ದೂರದೂರಿಗೆ ಕೆಲಸಕ್ಕೆ ಕಳಿಸಿ. ಇವುಗಳ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದವರು ಪ್ರೀತಿಯಿಂದಲೇ ಹೇಳಿದ್ದು. ಸಿಟ್ಟಿರುವುದು ಪುಡಿ ಮಾರುವವರ ಮೇಲೆ. ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಅಂತ ಗೋಡೆಗೋಡೆಯ ಮೇಲೆ ಬರೆದು ನಂಬರ್ ಹಾಕಿರುತ್ತಾರೆ. ಸಾರಿಗೋ ಕಾಫಿಗೋ ಬೆರೆಸಿ ಕೊಡಬೇಕಂತೆ. ಅಂಥ ಪುಡಿಯಲ್ಲಿ ಏನಿರುತ್ತದೆ ಅಂತ ಕೊಂಡವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನೇ ಪುಡಿ ಮಾಡಿ ಊಟಕ್ಕೆ ಬೆರೆಸುವವರೂ ಇದ್ದಾರೆ. ಅದು ನಿಜವಾದ ಔಷಧಿಯೇ, 1948ರಲ್ಲಿ ಡೆನ್ಮಾರ್ಕಿನವರು ಬಳಕೆಗೆ ತಂದದ್ದು. ಆದರೆ ಅದು ಮೈಯಲ್ಲಿರುವಾಗ ಮದ್ಯ ಒಳಗೆ ಹೋದರೆ ಅಸಿಟಾಲ್ಡಿಹೈಡ್ ಅನ್ನುವ ವಿಷ ರಕ್ತದಲ್ಲಿ ಏರುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿ.ಪಿ. ಇಳಿದುಹೋಗುತ್ತದೆ. ಕೆಲವರ ಪ್ರಾಣಕ್ಕೇ ಬರುತ್ತದೆ. ತನ್ನ ಊಟದಲ್ಲಿ ಏನಿದೆ ಅಂತಲೇ ಗೊತ್ತಿಲ್ಲದ ಮನುಷ್ಯ ಎಂದಿನಂತೆ ಬಾರಿಗೆ ಹೋಗುತ್ತಾನೆ, ಅಲ್ವಾ? ಅತ್ತಿಗೆ ಆ ಪುಡಿಯನ್ನು ಮನೆಯೊಳಗೆ ಸೇರಿಸಲಿಲ್ಲ. ‘ಕಟ್ಟಿಕೊಂಡ ಗಂಡನ ಅನ್ನಕ್ಕೆ ಕದ್ದು ಏನನ್ನೂ ಹಾಕಲ್ಲ’ ಅಂದರು. ಅವರ ಆ ಮಾತು ಎಷ್ಟು ದೊಡ್ಡದು ಅಂತ ಆಮೇಲೆ ಅರ್ಥವಾಯಿತು.

ಆಮೇಲೆ ಬಂದದ್ದು ಒಂದು ‘ಕೇಂದ್ರ’. ಹೆಸರು ಹೇಳುವುದಿಲ್ಲ. ನಂಟರೊಬ್ಬರು ನಂಬರ್ ಕೊಟ್ಟರು. ದುಡ್ಡು ಮುಂಚೆಯೇ ಕಟ್ಟಬೇಕು, ಅವರೇ ಗಾಡಿ ತರುತ್ತಾರೆ, ಮನೆಯವರು ಸುಮ್ಮನಿದ್ದರೆ ಸಾಕು ಅಂದರು. ರಾತ್ರಿ ಹೊತ್ತು ಬಂದು ಅಣ್ಣನನ್ನು ರಟ್ಟೆ ಹಿಡಿದು ಎತ್ತಿಕೊಂಡು ಹೋದರು. ಎಷ್ಟೋ ವಾರ ಮಾತಾಡಿಸೋಕೂ ಬಿಡಲಿಲ್ಲ. ಫೋನ್ ಮಾಡಿದರೆ ‘ಚೆನ್ನಾಗಿದ್ದಾರೆ, ಊಟ ಮಾಡ್ತಿದ್ದಾರೆ’ ಅಂತ ಇಟ್ಟುಬಿಡೋರು. ಹೊರಗೆ ಬಂದ ದಿನ ಸಂಜೆಯೇ ಅಣ್ಣ ಕುಡಿದ. ಅವನ ಕಾಲಿನಲ್ಲಿ ಸರಪಳಿಯ ಗಾಯ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸುತ್ತದೆ. ಯಾರನ್ನೂ ಸರಪಳಿಯಲ್ಲಿ ಕಟ್ಟಿಹಾಕುವಂತಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಮನೆಯವರನ್ನು ಒಳಗೆ ಬಿಡದ, ಡಾಕ್ಟರ್ ಯಾರು ಅಂತ ಹೇಳದ ಜಾಗಕ್ಕೆ ನಿಮ್ಮವರನ್ನು ದಯವಿಟ್ಟು ಕಳಿಸಬೇಡಿ.

ನಾನು ಇರುವುದು ಬೆಂಗಳೂರಿನಲ್ಲಿ. ಒಂದು ದಿನ ರಜೆ ಹಾಕಿ, ಅಣ್ಣನಿಲ್ಲದೆ ನಾನೊಬ್ಬಳೇ ಸರ್ಕಾರಿ ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗಕ್ಕೆ ಹೋದೆ. ಕಾಯಿಲೆಯವರು ಬಂದಿಲ್ಲ ಅಂದರೆ ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೆ. ಕಳಿಸಲಿಲ್ಲ. ಅಲ್ಲಿಯ ಕೌನ್ಸೆಲರ್ ಮೇಡಂ ಕೂರಿಸಿಕೊಂಡು ಪೂರ್ತಿ ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಫೋನಿನಲ್ಲಿ ಬರೆದುಕೊಂಡೆ. ಕುಡಿದಿರುವಾಗ ಈ ಮಾತು ಎತ್ತಬೇಡಿ. ಕುಡಿತದಿಂದ ಅವರಿಗೇ ಏನಾದರೂ ಏಟು ಬಿದ್ದು, ಅವರೇ ನೊಂದಿರುವ ಹೊತ್ತು ನೋಡಿ. ಅಂಥ ಹೊತ್ತು ಬಂದೇ ಬರುತ್ತದೆ. ‘ನೀವು ಹೀಗೆ, ನೀವು ಹಾಗೆ’ ಅಂತ ಶುರು ಮಾಡಬೇಡಿ, ‘ನನಗೆ ಹೀಗಾಗ್ತಿದೆ’ ಅಂತ ಹೇಳಿ. ಅವರು ಹೂಂ ಅಂದರೆ ಎಲ್ಲಿಗೆ, ಯಾವತ್ತು ಹೋಗಬೇಕು ಅನ್ನುವುದು ಮೊದಲೇ ಗೊತ್ತಾಗಿರಲಿ. ಹೂಂ ಅಂದ ಮನಸ್ಸು ವಾರದವರೆಗೆ ಕಾಯುವುದಿಲ್ಲ.

ಇದನ್ನೆಲ್ಲ ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಕಾದರು. ಅಣ್ಣ ತೂಕದ ಚೀಟಿಯಲ್ಲಿ ಒಂದು ಅಂಕಿ ತಪ್ಪು ಬರೆದು, ಸಾಹುಕಾರರಿಂದ ಎಲ್ಲರ ಮುಂದೆ ಬೈಸಿಕೊಂಡು ಮಧ್ಯಾಹ್ನವೇ ಮನೆಗೆ ಬಂದು ಜಗಲಿ ಮೇಲೆ ಕೂತ. ಕೈಬರಹದ ಮೇಲೆ ಅವನಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಅತ್ತಿಗೆ ಹೋಗಿ ಪಕ್ಕದಲ್ಲಿ ಕೂತರು. ‘ರೀ, ರಾತ್ರಿ ಹೊತ್ತು ಗೇಟ್ ಸದ್ದಾದ್ರೆ ನಂಗೆ ಎದೆ ಹೊಡ್ಕೊಳ್ಳುತ್ತೆ. ನಿದ್ದೆ ಬರಲ್ಲ. ನಾಡಿದ್ದು ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ, ಅಲ್ಲೇ ಇರ್ತೀನಿ’ ಅಂದರಂತೆ. ಅಣ್ಣ ಕೇಳಿದ್ದು ಒಂದೇ, ‘ಆಚೆಯಿಂದ ಬೀಗ ಹಾಕ್ತಾರಾ?’ ಇಲ್ಲ ಅಂದ ಮೇಲೆ ಒಪ್ಪಿಕೊಂಡ.

ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸಿಬಿಡುವುದು ಅಪಾಯ. ‘ರೂಮಿನಲ್ಲಿ ಹಾಕಿ ಬಾಗಿಲು ಹಾಕು, ಮೂರು ದಿನದಲ್ಲಿ ಸರಿಹೋಗ್ತಾನೆ’ ಅನ್ನುತ್ತಾರಲ್ಲ, ಜೀವ ಹೋಗುವುದು ಆ ದಿನಗಳಲ್ಲೇ. ಕೊನೆಯ ಸಲ ಕುಡಿದು ಆರೆಂಟು ಗಂಟೆಗೆ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಬುದ್ಧಿ ಕಲಕಿದ ಹಾಗಾಗುತ್ತದೆ. ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಅದನ್ನು ಕಮ್ಮಿ ಮಾಡುತ್ತಾ ಬರುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ನಮ್ಮಲ್ಲಿ ಸುಸ್ತು ಅಂದ ಕೂಡಲೇ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸುವ ಅಭ್ಯಾಸ ಇದೆಯಲ್ಲ, ವರ್ಷಗಟ್ಟಲೆ ಕುಡಿದವರಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಏಟು ಬೀಳಬಹುದು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಕುಡಿತದ ವಿಷಯ ಮುಚ್ಚಿಡದೆ ಹೇಳಿ ಅಂತ ಡಾಕ್ಟರುಗಳು ಕೇಳುವುದು ಇದಕ್ಕೇ.

ಅಣ್ಣನಿಗೆ ಆಸ್ಪತ್ರೆಯಲ್ಲಿ ಮೂರನೇ ರಾತ್ರಿ ಹಾಗೆ ಬುದ್ಧಿ ಕಲಕಿತು. ನಾನೂ ಅತ್ತಿಗೆಯೂ ಪಕ್ಕದಲ್ಲೇ ಇದ್ದೆವು. ಹಾಸಿಗೆ ಮೇಲೆ ಎದ್ದು ಕೂತು ಕೊಬ್ಬರಿ ತೂಗೋಕೆ ಶುರು ಮಾಡಿದ. ಎದುರಿಗೆ ತಕ್ಕಡಿಯೂ ಇಲ್ಲ, ಮೂಟೆಯೂ ಇಲ್ಲ. ಎರಡೂ ಕೈಯಲ್ಲಿ ಮೂಟೆಯ ಬಾಯಿ ಬಿಚ್ಚುತ್ತಾನೆ, ಒಂದು ಉಂಡೆ ಕೊಬ್ಬರಿ ತೆಗೆದು ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿ ನೋಡುತ್ತಾನೆ, ಪಕ್ಕಕ್ಕೆ ಹಾಕುತ್ತಾನೆ. ‘ಈ ಮೂಟೆ ಜರುಗ್ಸು. ಬರ್ಕೋ, ಬರ್ಕೋ’ ಅಂತ ಯಾರಿಗೋ ಹೇಳುತ್ತಾನೆ. ಬೆಡ್‌ಶೀಟಿನ ಅಂಚನ್ನು ಗೋಣಿಯ ಹಾಗೆ ಮಡಚಿ ಹೊಲಿಯುತ್ತಾನೆ. ಅತ್ತಿಗೆ ಅವನ ಭುಜ ಹಿಡಿದು ಅಲ್ಲಾಡಿಸೋಕೆ ಹೋದರು. ನರ್ಸ್ ಬಂದು ತಡೆದರು. ಜಗಳ ಆಡಬೇಡಿ, ‘ಏನೂ ಇಲ್ಲ ಅಲ್ಲಿ’ ಅಂತ ವಾದ ಮಾಡಬೇಡಿ, ದೀಪ ಆರಿಸಬೇಡಿ, ಯಾವ ಜಾಗ, ಯಾವ ದಿನ, ನೀವು ಯಾರು ಅಂತ ಮೆಲ್ಲಗೆ ಹೇಳ್ತಾ ಇರಿ ಅಂದರು. ‘ಅಣ್ಣ, ನೀನು ಆಸ್ಪತ್ರೆಲಿದೀಯ. ಇವತ್ತು ಗುರುವಾರ. ನಾನು ನಿನ್ನ ತಂಗಿ. ಅತ್ತಿಗೆ ಇಲ್ಲೇ ಇದಾರೆ.’ ಇಷ್ಟನ್ನೇ ಬೆಳಗಿನವರೆಗೂ ಹೇಳಿದೆವು. ಗೊತ್ತಿರುವ ದನಿ ಕಿವಿಗೆ ಬೀಳುತ್ತಿದ್ದರೆ ಭಯ ಕಮ್ಮಿಯಾಗುತ್ತದೆ. ನರ್ಸ್ ಎಷ್ಟೇ ಒಳ್ಳೆಯವರಾದರೂ ಆ ದನಿ ಅವರದಾಗುವುದಿಲ್ಲವಲ್ಲ. ಊರಿನಿಂದ ಫೋನ್ ಮಾಡಿದ ಅಮ್ಮ ‘ಗಾಳಿ ಸೋಕಿರಬೇಕು’ ಅಂದರು. ಮಾತ್ರೆ ಸರಿಹೊಂದಿ ಎರಡು ದಿನಕ್ಕೆ ತಿಳಿಯಾಯಿತು.

ಕಾಯಿಲೆಯವರ ಜೊತೆ ಮನೆಯವರನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ಕಾಯಿಲೆಯವರ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆ ದಾರಿ ಬೆಳೆಯಿತು. ಜಾಗ ಸಾಲದೆ, ಕೆಲಸದವರು ಸಾಲದೆ ಮಾಡಿದ್ದು ಅಂತ ಯಾರಾದರೂ ಅಂದುಕೊಳ್ಳಬಹುದು. ಆ ರಾತ್ರಿ ವಾರ್ಡಿನಲ್ಲಿ ಕೂತಿದ್ದ ನನಗೆ, ಇದು ಬಡತನಕ್ಕೆ ಮಾಡಿದ್ದಲ್ಲ, ಮದ್ದಿನ ಹಾಗೆಯೇ ಬೇಕಾದದ್ದು ಅನ್ನಿಸಿತು.

ಮೈ ಸ್ವಲ್ಪ ಸುಧಾರಿಸಿದ ಮೇಲೆ ಅಮ್ಮನನ್ನೂ ಕರೆಸಿ ಎಂದರು. ಕೌನ್ಸೆಲರ್ ಮೇಡಂ ಒಂದು ಬಿಳಿ ಹಾಳೆ ತೆಗೆದುಕೊಂಡು, ‘ಕುಡಿತದಿಂದ ಆಗೋ ತೊಂದರೆನ ಮನೇಲಿ ಯಾರ್ಯಾರು ಸರಿಮಾಡ್ತೀರ?’ ಅಂತ ಕೇಳಿದರು. ಒಬ್ಬೊಬ್ಬರದೇ ಹೊರಗೆ ಬಂತು. ಬಾರಿನ ಬಾಕಿ ತೀರಿಸುವುದು ಅಮ್ಮ, ಪೆನ್ಷನ್ ದುಡ್ಡಿನಲ್ಲಿ. ‘ಜ್ವರ ಬಂದಿದೆ’ ಅಂತ ಸಾಹುಕಾರರಿಗೆ ಫೋನ್ ಮಾಡುವುದು ಅತ್ತಿಗೆ. ಬಿದ್ದ ಕಡೆಯಿಂದ ಎತ್ತಿಕೊಂಡು ಬರುವುದು ಮಗ. ಕೈಸಾಲದವರು ಬಾಗಿಲಿಗೆ ಬಂದರೆ ಬೆಂಗಳೂರಿನಿಂದ ದುಡ್ಡು ಹಾಕುವುದು ನಾನು. ಹಾಳೆ ತುಂಬಿತು. ಅಣ್ಣನ ಹೆಸರಿನ ಮುಂದೆ ಏನೂ ಇರಲಿಲ್ಲ. ಮೇಡಂ ಯಾರನ್ನೂ ಬೈಯಲಿಲ್ಲ. ‘ಮನೆ ಉಳಿಸಿಕೊಳ್ಳೋಕೆ ಮಾಡಿದ್ದೀರ. ಆದ್ರೆ ಈ ಕೆಲಸಗಳು ಇವರದು. ಒಂದೊಂದಾಗಿ ಇವರಿಗೆ ವಾಪಸ್ ಕೊಡೋಣ’ ಅಂದರು. ಅಣ್ಣ ಆ ಹಾಳೆಯನ್ನು ತುಂಬ ಹೊತ್ತು ನೋಡಿದ. ಮೊದಲು ಅವನೇ ಕೇಳಿ ತೆಗೆದುಕೊಂಡದ್ದು ಬಾರಿನ ಬಾಕಿ. ಸಂಬಳದಲ್ಲಿ ತಿಂಗಳು ತಿಂಗಳು ತೀರಿಸಿದ. ಕಟ್ಟೋಕೆ ಬಾರಿನ ಬಾಗಿಲಿಗೆ ಹೋಗಲಿಲ್ಲ, ಫೋನ್‌ಪೇ ಮಾಡಿದ.

ಮನೆಗೆ ಬರುವ ಮುಂಚೆ ಡಾಕ್ಟರ್ ಡೈಸಲ್ಫಿರಾಮ್ ಬಗ್ಗೆ ಅಣ್ಣನಿಗೇ ಎಲ್ಲ ಹೇಳಿ, ಲಿವರ್ ಟೆಸ್ಟ್ ನೋಡಿ, ಅವನ ಸಹಿ ತೆಗೆದುಕೊಂಡು ಶುರು ಮಾಡಿದರು. ಕದ್ದು ಹಾಕಿದರೆ ವಿಷವಾಗುವ ಆ ಮಾತ್ರೆಯೇ, ತಿಳಿದು ತೆಗೆದುಕೊಂಡರೆ ಬೇಲಿಯಾಗುತ್ತದೆ. ಅದು ಎಲ್ಲರಿಗೂ ಆಗುವ ಔಷಧಿ ಅಲ್ಲ. ಆಸೆ ಕಮ್ಮಿ ಮಾಡುವ ಬೇರೆ ಮಾತ್ರೆಗಳೂ ಇವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಡೈಸಲ್ಫಿರಾಮ್ ತೆಗೆದುಕೊಳ್ಳುವ ಮನೆಯಲ್ಲಿ ಕೆಲವು ಎಚ್ಚರಿಕೆ ಬೇಕು. ಮದ್ಯಸಾರ ಇರುವ ಕೆಮ್ಮಿನ ಸಿರಪ್ ಬೇಡ. ಬಾಯಿ ಮುಕ್ಕಳಿಸುವ ಔಷಧಿಯ ಲೇಬಲ್ ನೋಡಬೇಕು. ಅಮ್ಮ ದಿನಾ ಕುಡಿಯುವ ದಶಮೂಲಾರಿಷ್ಟವನ್ನು ಸುಸ್ತಿಗೆ ಒಳ್ಳೆಯದು ಅಂತ ಅಣ್ಣನಿಗೂ ಕೊಡುವವರಿದ್ದರು. ಅರಿಷ್ಟ, ಆಸವ ಎಲ್ಲ ಹುಳಿ ಬರಿಸಿ ಮಾಡುವಂಥವು, ಅವುಗಳಲ್ಲೂ ಮದ್ಯಸಾರ ಇರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಅದರ ಪರಿಣಾಮ ಇರಬಹುದು.

ಆ ಮಾತ್ರೆ ತೆಗೆದುಕೊಳ್ಳುವುದಕ್ಕೂ ಒಂದು ಕ್ರಮ ಹೇಳಿಕೊಟ್ಟರು. ನಮ್ಮ ಮನೆಯನ್ನು ನಿಜವಾಗಿ ಬದಲಾಯಿಸಿದ್ದು ಅದು. ಬೆಳಿಗ್ಗೆ ಕಾಫಿಗೆ ಮುಂಚೆ ಅಡುಗೆಮನೆಯಲ್ಲಿ ಇಬ್ಬರೇ. ಅಣ್ಣ ತಾನೇ ಪಟ್ಟಿಯಿಂದ ಮಾತ್ರೆ ತೆಗೆಯಬೇಕು. ‘ನಿನ್ನೆ ಕುಡಿದಿಲ್ಲ. ಇವತ್ತೂ ಕುಡಿಯಲ್ಲ’ ಅನ್ನಬೇಕು. ಅತ್ತಿಗೆ ನೀರು ಕೊಡಬೇಕು. ಮಾತ್ರೆ ನುಂಗಿದ ಮೇಲೆ ‘ನಂಗೆ ಸಂತೋಷ ಆಯ್ತು’ ಅನ್ನಬೇಕು. ಅಷ್ಟೇ, ಮುಗಿಯಿತು. ಹಳೆಯದನ್ನು ಎತ್ತಬಾರದು. ‘ನಾಳೆ ಏನ್ ಮಾಡ್ತೀರೋ’ ಅಂತ ಕೇಳಬಾರದು. ಆ ಎರಡು ನಿಮಿಷ ಬಿಟ್ಟರೆ ದಿನವೆಲ್ಲ ಕುಡಿತದ ಮಾತೇ ಬೇಡ. ಮೊದಮೊದಲು ಇಬ್ಬರಿಗೂ ನಾಚಿಕೆ. ಅಣ್ಣ ಗೋಡೆ ನೋಡಿಕೊಂಡು ಹೇಳುತ್ತಿದ್ದ. ಮದುವೆಯಾಗಿ ಇಷ್ಟು ವರ್ಷಕ್ಕೆ ‘ನಂಗೆ ಸಂತೋಷ ಆಯ್ತು’ ಅಂತ ಬಾಯಿಬಿಟ್ಟು ಹೇಳುವುದು ಅತ್ತಿಗೆಗೂ ಕಷ್ಟವೇ ಇತ್ತು. ಆದರೂ ಬಿಡಲಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ಮೊದಲು ಏನಿತ್ತು ಅಂತ ನೋಡಬೇಕು. ಬಾಗಿಲಲ್ಲೇ ಬಾಯಿ ಮೂಸುವುದು. ಸ್ಕೂಟರಿನ ಡಿಕ್ಕಿ ತೆಗೆದು ನೋಡುವುದು. ಐದು ನಿಮಿಷ ತಡವಾದರೆ ಮಂಡಿಗೆ ಫೋನ್. ಅತ್ತಿಗೆಗೆ ಇಡೀ ದಿನ ಕಾವಲಿನ ಕೆಲಸ, ಅಣ್ಣನಿಗೆ ಇಡೀ ದಿನ ಕಳ್ಳನ ಪಾಡು. ಅನುಮಾನವನ್ನೆಲ್ಲ ಬೆಳಗಿನ ಎರಡು ನಿಮಿಷಕ್ಕೆ ಸೇರಿಸಿಬಿಟ್ಟ ಮೇಲೆ ಉಳಿದ ದಿನ ಇಬ್ಬರಿಗೂ ಸಿಕ್ಕಿತು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಸಂಜೆ ಕಲ್ಪತರು ಕ್ರೀಡಾಂಗಣದ ಕಡೆ ಒಂದು ಸುತ್ತು ನಡೆದು ಬಂದರು ಅಂತ ಅಮ್ಮ ನನಗೆ ಫೋನಿನಲ್ಲಿ ಹೇಳಿದಾಗ ಅಮ್ಮನ ಗಂಟಲು ಕಟ್ಟಿತ್ತು.

ದುಡ್ಡಿನ ವಿಷಯದಲ್ಲಿ ಅಮ್ಮನದೇ ಕಷ್ಟ. ಸಂಬಳ ಅತ್ತಿಗೆಯ ಖಾತೆಗೆ ಬರಲಿ, ದಿನದ ಖರ್ಚಿಗೆ ತನಗೆ ಇಷ್ಟು ಕೊಡಲಿ ಅಂತ ಅಣ್ಣನೇ ಕೇಳಿದ್ದ. ಕಿತ್ತುಕೊಂಡದ್ದಲ್ಲ, ಅವನಾಗಿ ಕೊಟ್ಟದ್ದು. ಸ್ವಲ್ಪ ಸ್ವಲ್ಪವಾಗಿ ವಾಪಸ್ ಅವನ ಕೈಗೆ ಹೋಗಬೇಕು ಅಂತಲೂ ಮಾತಾಗಿತ್ತು. ಆದರೆ ‘ಗಂಡು ಮಗ ಜೇಬಲ್ಲಿ ದುಡ್ಡಿಲ್ದೆ ಓಡಾಡ್ತಾನಲ್ಲ’ ಅಂತ ಅಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದರು. ತಾಯಿಯ ಕರುಳು, ಅದನ್ನು ನಿಲ್ಲಿಸು ಅಂದರೆ ಹೇಗೆ ನಿಲ್ಲುತ್ತದೆ? ಮೇಡಂ ಅಮ್ಮನಿಗೆ ಬೇಡ ಅನ್ನಲಿಲ್ಲ, ಬೇರೆ ಕೆಲಸ ಕೊಟ್ಟರು. ಕುಡಿತ ಬಿಟ್ಟವರಿಗೆ ಸಂಜೆ ಐದಾರು ಗಂಟೆಗೆ ಆಸೆ ಜೋರು. ಹಸಿದಿದ್ದರೆ ಇನ್ನೂ ಜಾಸ್ತಿ. ಆ ಹೊತ್ತಿಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಅಮ್ಮ ದಿನಾ ಸಂಜೆ ತಟ್ಟೆ ಇಡ್ಲಿಯೋ, ಅವಲಕ್ಕಿಯೋ, ಕೊಬ್ಬರಿ ಬೆಲ್ಲವೋ ಇಟ್ಟುಕೊಂಡು ಕಾಯತೊಡಗಿದರು. ಗಂಟು ಬಿಚ್ಚುವುದು ತಾನಾಗಿ ನಿಂತಿತು.

ಅಣ್ಣನ ಮಗನ ವಿಷಯ ಬೇರೆ. ಅವನು ಆಗ ಪಿಯುಸಿ ಓದುತ್ತಿದ್ದ. ಚಿಕ್ಕ ವಯಸ್ಸಿನಿಂದ ಅಪ್ಪನನ್ನು ಬಾರಿನಿಂದ ಕರೆದುಕೊಂಡು ಬಂದ ಹುಡುಗ. ಕ್ಲಾಸಿನವರು ಯಾರಾದರೂ ನೋಡಿಯಾರು ಅಂತ ಹಿಂದಿನ ಬೀದಿಯಲ್ಲಿ ಕರೆತರುತ್ತಿದ್ದನಂತೆ. ಅಪ್ಪ ಕುಡಿತ ಬಿಟ್ಟ ಮೇಲೆ ಹುಡುಗ ಖುಷಿಯಾಗಿರುತ್ತಾನೆ ಅಂತ ಎಲ್ಲರೂ ಅಂದುಕೊಂಡರೆ, ಅವನು ಸಿಟ್ಟಾದ. ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುವನು. ಅಪ್ಪ ಮಾತಾಡಿಸಿದರೆ ಹೂಂ, ಊಹೂಂ. ಇದು ಹೀಗೇ ಆಗುತ್ತದೆ ಅಂತ ಮೇಡಂ ಹೇಳಿದರು. ಮನೆಗೆ ಬೆಂಕಿ ಬಿದ್ದಿರುವಾಗ ಮಕ್ಕಳು ಸಿಟ್ಟು ಮಾಡುವುದಿಲ್ಲ, ಆರಿದ ಮೇಲೆ ಮಾಡುತ್ತಾರೆ. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಅಪ್ಪನ ಕುಡಿತಕ್ಕೆ ನೀನು ಕಾರಣ ಅಲ್ಲ, ಅದನ್ನು ನಿಲ್ಲಿಸೋದೂ ನಿನ್ನ ಕೆಲಸ ಅಲ್ಲ, ನಿನ್ನ ಕೆಲಸ ಓದೋದು, ಆಡೋದು. ಇದನ್ನು ಅವನಿಗೆ ಆ ತನಕ ಯಾರೂ ಹೇಳಿರಲಿಲ್ಲ.

ಅಣ್ಣನಿಗೆ ಮಗನ ಹತ್ತಿರ ಕ್ಷಮೆ ಕೇಳಿ ಮುಗಿಸಿಬಿಡುವ ಆತುರ. ಈಗಲೇ ಬೇಡ ಅಂದರು ಮೇಡಂ. ಕ್ಷಮಿಸು ಅಂದರೆ ಆ ಭಾರವೂ ಹುಡುಗನ ತಲೆಗೇ ಬರುತ್ತದೆ. ಹೇಳಿದ ಹೊತ್ತಿಗೆ ಮನೆಗೆ ಬನ್ನಿ, ಹೇಳಿದ ದಿನ ಫೀಸ್ ಕಟ್ಟಿ, ಅಷ್ಟು ಮಾಡಿ ಅಂದರು. ಅಣ್ಣ ಅದನ್ನೇ ಮಾಡಿದ. ತಿಂಗಳುಗಳೇ ಹೋದವು. ಒಂದು ರಾತ್ರಿ ಹುಡುಗ ಅಕೌಂಟೆನ್ಸಿ ಪುಸ್ತಕ ಹಿಡಿದುಕೊಂಡು ಹಾಲಿಗೆ ಬಂದು, ಯಾರ ಮುಖವನ್ನೂ ನೋಡದೆ, ‘ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ತಿಲ್ಲ’ ಅಂದ. ಅಣ್ಣ ಪೆನ್ಸಿಲ್ ತೆಗೆದುಕೊಂಡು ನೆಲದ ಮೇಲೇ ಕೂತ. ಡೆಬಿಟ್‌ಗೆ ಹೋಗಬೇಕಾದ ಒಂದು ಮೊತ್ತ ಕ್ರೆಡಿಟ್‌ಗೆ ಹೋಗಿತ್ತಂತೆ. ವ್ಯತ್ಯಾಸವನ್ನು ಎರಡರಿಂದ ಭಾಗಿಸಿದರೆ ಅಂಥ ಅಂಕಿ ಸಿಕ್ಕಿಬಿಡುತ್ತದೆ ಅಂತ ಅಣ್ಣ ತೋರಿಸಿಕೊಟ್ಟ. ಅವತ್ತು ಅವನ ಕೈ ನಡುಗಲಿಲ್ಲ ಅಂತ ಅತ್ತಿಗೆ ನನಗೆ ಹೇಳಿದರು.

ನಮ್ಮ ಕಡೆ ಕುಡಿಯುವುದಕ್ಕೆ ಕರೆಯುವ ದಿನಗಳು ಗೊತ್ತಿರುವಂಥವೇ. ಯುಗಾದಿ ಮಾರನೇ ದಿನದ ಹೊಸತೊಡಕು. ಬೀಗರ ಊಟ. ತಿಥಿ. ಜಾತ್ರೆ. ಕ್ಯಾಲೆಂಡರಿನಲ್ಲಿ ಅವನ್ನೆಲ್ಲ ಮೊದಲೇ ಗುರುತು ಹಾಕಿಕೊಂಡು ಆ ದಿನ ಏನು ಮಾಡುವುದು ಅಂತ ಮಾತಾಡಿಕೊಳ್ಳಿ ಅಂದಿದ್ದರು. ಮೊದಲ ಹೊಸತೊಡಕಿಗೆ ಸೋದರಮಾವ ಎಂದಿನಂತೆ ಚೀಲದಲ್ಲಿ ಬಾಟಲಿ ತಂದರು. ಅಮ್ಮ ಹೊಸ್ತಿಲಲ್ಲೇ ನಿಂತು, ‘ಅದನ್ನ ಆಚೆ ಇಟ್ಟು ಬಂದ್ರೆ ಒಳಗೆ ಎಲೆ ಹಾಕ್ತೀನಿ’ ಅಂದರು. ತಮ್ಮನಿಗೆ ಅಮ್ಮ ಎಂದೂ ಹಾಗೆ ಹೇಳಿದವರಲ್ಲ. ಮಾವನಿಗೆ ಬೇಜಾರಾಯಿತು, ಆದರೂ ಇಟ್ಟು ಬಂದರು. ಆ ವರ್ಷ ಮನೆಯಲ್ಲಿ ಯಾರೂ ಕುಡಿಯಲಿಲ್ಲ, ಅಣ್ಣನೊಬ್ಬನಿಗೆ ಮಾತ್ರ ಬೇಡ ಅಂತ ಇರಲಿಲ್ಲ. ಅದು ದೊಡ್ಡ ವಿಷಯ. ಎಲ್ಲರೂ ಕುಡಿಯುತ್ತಿರುವಾಗ ಒಬ್ಬನ ಕೈಗೆ ಜ್ಯೂಸ್ ಕೊಟ್ಟು ಕೂರಿಸುವುದು ಬೆಂಬಲ ಅಲ್ಲ.

ಜಾರಿದ್ದೂ ಉಂಟು. ಡಾಕ್ಟರ್ ಹೇಳಿ ಮಾತ್ರೆ ನಿಲ್ಲಿಸಿ ಕೆಲವು ತಿಂಗಳಾಗಿದ್ದವು. ಅತ್ತಿಗೆ ಜೊತೆಗಿಲ್ಲದ ಒಂದು ಬೀಗರ ಊಟದಲ್ಲಿ ಹಳೆಯ ಸ್ನೇಹಿತರು ಸಿಕ್ಕಿ ಕುಡಿದ. ಹಿಂದೆ ಆಗಿದ್ದರೆ ಅದು ವಾರಗಟ್ಟಲೆ ಎಳೆಯುತ್ತಿತ್ತು. ಈ ಸಲ ಅವನೇ ರಾತ್ರಿ ಅತ್ತಿಗೆಗೆ ಫೋನ್ ಮಾಡಿ ‘ಕುಡಿದುಬಿಟ್ಟೆ ಕಣೇ’ ಅಂದ. ಹೀಗಾದರೆ ಏನು ಮಾಡಬೇಕು ಅಂತ ಆಸ್ಪತ್ರೆಯಿಂದ ಬರುವಾಗಲೇ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆವು. ಗಾಡಿ ಓಡಿಸಬೇಡ, ಅಲ್ಲೇ ಮಲಗು. ರಾತ್ರಿ ಮಾತು ಬೇಡ. ಬೆಳಿಗ್ಗೆ ಆಸ್ಪತ್ರೆಗೆ ಫೋನ್. ಅತ್ತಿಗೆ ಅದನ್ನೇ ಓದಿ ಹೇಳಿದರು. ಮಾರನೇ ದಿನ ಇಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಬಂದರು. ಒಂದು ಸಲ ಜಾರುವುದು ಬೇರೆ, ಮತ್ತೆ ಬೀಳುವುದು ಬೇರೆ, ನಡುವೆ ಇರುವ ಒಂದೆರಡು ದಿನದಲ್ಲಿ ಮನೆಯವರು ಏನು ಮಾಡುತ್ತಾರೆ ಅನ್ನುವುದು ಮುಖ್ಯ ಅಂದರು ಡಾಕ್ಟರ್. ಅತ್ತಿಗೆ ಅಳಲಿಲ್ಲ ಅಂತಲ್ಲ. ನನ್ನ ಮನೆಗೆ ಬಂದು ಅತ್ತರು.

ಅವರಿಗೂ ಆಸರೆ ಬೇಕಲ್ಲವೇ? ಎ.ಎ. ಅಂತ ಕುಡಿತ ಬಿಟ್ಟವರ ಕೂಟ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು ತುಂಬ ಜನರಿಗೆ ಗೊತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರ ಹೆಂಡತಿಯೇ 1951ರಲ್ಲಿ ಗೆಳತಿಯ ಜೊತೆ ಸೇರಿ ಮನೆಯವರಿಗಾಗಿ ಇನ್ನೊಂದು ಕೂಟ ಕಟ್ಟಿದರು, ಅಲ್-ಅನಾನ್ ಅಂತ. ಬೆಂಗಳೂರಿನಲ್ಲಿ ಅದರ ಸಭೆಗಳು ನಡೆಯುತ್ತವೆ. ಅತ್ತಿಗೆ ಬಂದಾಗಲೆಲ್ಲ ನಾವಿಬ್ಬರೂ ಹೋಗುತ್ತೇವೆ. ಅಲ್ಲಿ ಯಾರೂ ಬುದ್ಧಿ ಹೇಳುವುದಿಲ್ಲ. ತಮ್ಮದನ್ನು ಹೇಳುತ್ತಾರೆ, ಬೇರೆಯವರದನ್ನು ಕೇಳುತ್ತಾರೆ. ನಾವು ಇದಕ್ಕೆ ಕಾರಣ ಅಲ್ಲ, ಹಿಡಿತ ನಮ್ಮ ಕೈಲಿಲ್ಲ, ಗುಣ ಮಾಡೋದೂ ನಮ್ಮಿಂದಾಗದು ಅನ್ನುವುದು ಅಲ್ಲಿಯ ಮಾತು. ಅಣ್ಣನಿಗೆ ಹತ್ತಿರವಾದದ್ದು ಬೇರೆ ಗುಂಪು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳಿರುತ್ತವೆ. ಅಂಥ ಸಮಿತಿಯವರು ಅಣ್ಣನನ್ನೂ ಸೇರಿಸಿಕೊಂಡರು. ಅದೇ ಭಾಷೆ, ಅದೇ ಕಷ್ಟ, ಅದೇ ಹೊಸತೊಡಕು.

ಒಂದು ಮಾತು ಸೇರಿಸಲೇಬೇಕು. ನಮ್ಮ ಮನೆಯಲ್ಲಿ ಕೈ ಎತ್ತುವ ಕೆಲಸ ಆಗಲಿಲ್ಲ. ಹೊಡೆತ ಇರುವ ಮನೆಯಲ್ಲಿ ಪಕ್ಕದಲ್ಲಿ ಕೂತು ಮಾತಾಡಿ, ತಾಳ್ಮೆ ಇರಲಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಹೆಂಗಸರು, ಮಕ್ಕಳು ಸುರಕ್ಷಿತವಾಗಿರುವುದೇ ಮೊದಲು. 112ಕ್ಕೋ 181ಕ್ಕೋ ಫೋನ್ ಮಾಡಿ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಕುಡಿತ ಕಾಯಿಲೆಯ ಮಟ್ಟಕ್ಕೆ ಹೋದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳ ಬಗ್ಗೆ ಯೋಚಿಸಿದರೆ ಸಂಕಟ ಆಗುತ್ತದೆ. ಅಂಥ ಒಂದು ಮನೆ ಅಣ್ಣನ ಬೀದಿಯಲ್ಲೇ ಇದೆ. ಆ ಮನೆಯಾಕೆ ಈಚೆಗೆ ಅತ್ತಿಗೆಯ ಹತ್ತಿರ ಬಂದು ಪುಡಿಯ ಅಡ್ರೆಸ್ ಕೇಳಿದರಂತೆ. ಅತ್ತಿಗೆ ಪುಡಿಯಲ್ಲಿ ಏನಾಗುತ್ತದೆ ಅಂತ ಹೇಳಿ, ಅಲ್ಲೇ ಕೂರಿಸಿಕೊಂಡು 14416ಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅದು ಟೆಲಿ-ಮಾನಸ್, 2022ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಆಮೇಲೆ ಇಬ್ಬರೂ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಮನೋವೈದ್ಯರನ್ನು ನೋಡಿ ಬಂದರು. ಗಂಡ ಬಂದಿರಲಿಲ್ಲ. ಡಾಕ್ಟರ್ ಆಕೆಯ ಹೆಸರಿನಲ್ಲೇ ಚೀಟಿ ಮಾಡಿಸಿ ಮಾತಾಡಿದರು. ಗಂಡ ಇನ್ನೂ ಒಪ್ಪಿಲ್ಲ. ಮುಂದಿನ ವಾರ ಇಬ್ಬರೂ ಮತ್ತೆ ಹೋಗುತ್ತಿದ್ದಾರೆ.